ಗಾಂಧಿನಗರದ ಲಾಡ್ಜ್ ಮಾಲೀಕರಿಗೆ, ಬೆಳಗಿನ ಐದು ಗಂಟೆಯ ಗಿರಾಕಿಯಿಂದ



ನಿಮ್ಮಲ್ಲಿ ಯಾರೊಬ್ಬರ ಹೆಸರೂ ಹಾಕದೆ ಈ ಪತ್ರ ಬರೆಯುತ್ತಿದ್ದೇನೆ. ಮೆಜೆಸ್ಟಿಕ್ ಬಸ್ ನಿಲ್ದಾಣದಿಂದ ಆನಂದರಾವ್ ವೃತ್ತದವರೆಗೆ, ಸುಬೇದಾರ್ ಛತ್ರಂ ರಸ್ತೆ, ಟ್ಯಾಂಕ್ ಬಂಡ್ ರಸ್ತೆ, ಅವುಗಳ ಅಡ್ಡರಸ್ತೆಗಳಲ್ಲಿ ಗೋಡೆಗೆ ಗೋಡೆ ತಾಗಿಸಿ ನಿಂತಿರುವ ಲಾಡ್ಜುಗಳ ಮಾಲೀಕರೆಲ್ಲರಿಗೂ ಇದು ಸೇರಬೇಕು. ಅದರಲ್ಲೂ ನಡುವಿನ ದರ್ಜೆಯವರಿಗೆ. ಡಾರ್ಮಿಟರಿಯಲ್ಲಿ ಮಂಚ ಬಾಡಿಗೆಗೆ ಕೊಡುವವರ ಕಷ್ಟಸುಖ ಬೇರೆ, ಬಾಗಿಲಲ್ಲಿ ಪೇಟ ಕಟ್ಟಿದವನನ್ನು ನಿಲ್ಲಿಸಿಕೊಂಡವರ ಲೋಕ ಬೇರೆ. ಸಾವಿರದೈನೂರರಿಂದ ಮೂರು ಸಾವಿರದೊಳಗೆ ಒಂದು ಡಬಲ್ ರೂಮು, ಎರಡು ಟವೆಲು, ಬಿಸಿನೀರು, ಟೀವಿ, ಲಿಫ್ಟು ಕೊಡುವವರೊಡನೆ ನನ್ನ ಮಾತು. ಬೋರ್ಡಿನ ಮೇಲೆ ನೀವೀಗ ರೆಸಿಡೆನ್ಸಿ, ಕಂಫರ್ಟ್ಸ್, ಇನ್, ಸೂಟ್ಸ್ ಎಂದೆಲ್ಲ ಬರೆಸಿಕೊಂಡಿದ್ದೀರಿ. ರಾತ್ರಿ ಬಸ್ಸಿನಲ್ಲಿ ಬರುವ ನಮಗೆ ನೀವಿನ್ನೂ ಲಾಡ್ಜೇ. ಬೇಸರ ಮಾಡಿಕೊಳ್ಳಬೇಡಿ, ಪ್ರೀತಿಯಿಂದಲೇ ಹೇಳುತ್ತಿದ್ದೇನೆ.

ನಾನು ಸಾಗರದ ಕಡೆಯವಳು. ಪುಸ್ತಕ, ಪತ್ರಿಕೆಯ ಕೆಲಸಕ್ಕೆ, ಒಮ್ಮೊಮ್ಮೆ ಮನೆಯವರ ಆಸ್ಪತ್ರೆ ಓಡಾಟಕ್ಕೆ ಬೆಂಗಳೂರಿಗೆ ಬರುತ್ತಿರುತ್ತೇನೆ. ನಮ್ಮೂರಲ್ಲಿ ರಾತ್ರಿ ಊಟ ಮುಗಿಸಿ ಬಸ್ ಹತ್ತಿದರೆ ನಿಮ್ಮ ಬೀದಿಯಲ್ಲಿ ಇಳಿಯುವುದು ಬೆಳಗಿನ ಐದಕ್ಕೋ ಐದೂವರೆಗೋ. ರಾಯಚೂರು, ವಿಜಯಪುರ, ಕಾರವಾರ, ಕುಂದಾಪುರ, ಬೆಳಗಾವಿ ಕಡೆಯ ರಾತ್ರಿ ಬಸ್ಸುಗಳ ಕಥೆಯೂ ಹೆಚ್ಚುಕಡಿಮೆ ಇದೇ. ಬೆಳಕು ಹರಿಯುವ ಮೊದಲೇ ಶುರುವಾಗಿ ಏಳರವರೆಗೆ ಜನ ಇಳಿಯುತ್ತಲೇ ಇರುತ್ತಾರೆ. ಹೈಕೋರ್ಟಿನಲ್ಲಿ ಕೇಸಿರುವವರು, ಎಂ.ಎಸ್. ಬಿಲ್ಡಿಂಗಿನಲ್ಲಿ ಫೈಲಿನ ಹಿಂದೆ ಬಿದ್ದವರು, ಕಿದ್ವಾಯಿಯಲ್ಲೋ ನಿಮ್ಹಾನ್ಸ್‌ನಲ್ಲೋ ಚೀಟಿ ಮಾಡಿಸಬೇಕಾದವರು, ಚಿಕ್ಕಪೇಟೆಯಲ್ಲಿ ಮದುವೆ ಜವಳಿ ತೆಗೆಯುವವರು, ಅದೇ ಚಿಕ್ಕಪೇಟೆಯಿಂದ ಊರಿನ ಅಂಗಡಿಗೆ ಸರಕು ಒಯ್ಯುವವರು, ಪರೀಕ್ಷೆ ಬರೆಯುವ ಹುಡುಗ ಹುಡುಗಿಯರು, ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂರುವವರು. ಹತ್ತು ಗಂಟೆಗೆ ಸರಕಾರಿ ಬಾಗಿಲು ತೆರೆಯುವ ಮೊದಲು ಇವರಿಗೆಲ್ಲ ಬೇಕಾದ್ದು ಮೈಗೆ ಬಿಸಿನೀರು, ಬೆನ್ನಿಗೆ ಒಂದು ಗಂಟೆ ಹಾಸಿಗೆ, ಬಟ್ಟೆ ಬದಲಿಸಲು ಚಿಲಕವಿರುವ ಕೋಣೆ. ಸಂಜೆ ಬಂದು ಕಾಲು ಚಾಚಿ, ಚೀಲ ಕಟ್ಟಿ, ರಾತ್ರಿ ಹತ್ತರ ಬಸ್ಸಿಗೆ ವಾಪಸ್. ನಿಮ್ಮ ಕಾಯಂ ಗಿರಾಕಿಗಳೆಂದರೆ ಇವರೇ.

ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿದ್ದ ಕಾಲವಿತ್ತು. ರಿಸೆಪ್ಷನ್ ಗೋಡೆಯ ಮೇಲೆ ಕೆಂಪು ಅಕ್ಷರದಲ್ಲಿ ‘24 ಗಂಟೆ ಚೆಕ್‌ಔಟ್’ ಎಂದು ಬರೆದಿರುತ್ತಿತ್ತು. ಬೆಳಿಗ್ಗೆ ಐದೂಕಾಲಿಗೆ ರೂಮ್ ಹಿಡಿದರೆ ಮಾರನೆಯ ಬೆಳಿಗ್ಗೆ ಐದೂಕಾಲಿನವರೆಗೆ ಅದು ನಮ್ಮದು. ರಿಜಿಸ್ಟರಿನಲ್ಲಿ ಹೆಸರಿನ ಮುಂದೆ ಗಂಟೆ ಬರೆದು ಸಹಿ ಹಾಕಿಸಿಕೊಳ್ಳುತ್ತಿದ್ದರು. ಆ ಗಂಟೆಯ ಬಗ್ಗೆ ಹೊರಡುವಾಗ ಸ್ವಲ್ಪ ಜಗಳ ಆಗುತ್ತಿತ್ತು ನಿಜ, ಹತ್ತು ನಿಮಿಷಕ್ಕೆ ಯಾರೂ ಪ್ರಾಣ ಬಿಡುತ್ತಿರಲಿಲ್ಲ. ಪ್ರಪಂಚದ ದೊಡ್ಡ ದೊಡ್ಡ ಹೋಟೆಲುಗಳಿಗೆ ಹೊಳೆಯದ ಈ ಏರ್ಪಾಟು ಬಸ್‌ಸ್ಟ್ಯಾಂಡಿನ ಪಕ್ಕದ ನಿಮಗೆ ಹೊಳೆದಿತ್ತು, ಯಾಕೆಂದರೆ ನೀವು ಗಡಿಯಾರ ನೋಡುತ್ತಿದ್ದದ್ದು ಬಸ್ಸಿನ ಮೇಲೆ ಕಣ್ಣಿಟ್ಟು.

ಈಗ ಒಬ್ಬೊಬ್ಬರಾಗಿ ಆ ಬೋರ್ಡು ತೆಗೆಯುತ್ತಿದ್ದೀರಿ. ಚೆಕ್‌ಇನ್ ಮಧ್ಯಾಹ್ನ ಹನ್ನೆರಡು, ಚೆಕ್‌ಔಟ್ ಬೆಳಿಗ್ಗೆ ಹನ್ನೊಂದು. ಐದು ಗಂಟೆಗೆ ಬಂದವಳಿಗೆ ಕೌಂಟರಿನ ಹುಡುಗ ಹೇಳುವುದು: “ಈಗ ರೂಮ್ ಬೇಕಂದ್ರೆ ನಿನ್ನೆಯಿಂದ ಹಾಕ್ಬೇಕು ಮೇಡಂ.” ಲೆಕ್ಕ ಹಾಕಿ ನೋಡಿ. ನನ್ನದು ಒಂದು ಹಗಲಿನ ಕೆಲಸ. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ರೂಮಿನಲ್ಲಿರುತ್ತೇನೆ. ಅದಕ್ಕೆ ಎರಡು ದಿನದ ಬಾಡಿಗೆ. ಬೇಡವೆಂದರೆ ಲಾಬಿಯ ಸೋಫಾದಲ್ಲಿ ಚೀಲ ಅಪ್ಪಿಕೊಂಡು ಕೂರಬೇಕು, ಅಥವಾ ಬಸ್ ನಿಲ್ದಾಣದ ಶೌಚಾಲಯದಲ್ಲಿ ಸರದಿ ನಿಂತು ಮುಖ ತೊಳೆದು ಹೈಕೋರ್ಟಿಗೆ ಹೋಗಬೇಕು.

ಯಾಕೆ ಹೀಗೆ ಮಾಡಿದಿರಿ ಎಂದು ನಿಮ್ಮಲ್ಲೇ ಒಬ್ಬರನ್ನು ಕೇಳಿದ್ದೆ. ಸಮಾಧಾನದಿಂದ ಉತ್ತರ ಕೊಟ್ಟರು. ಆ್ಯಪ್‌ಗಳಲ್ಲಿ ರೂಮು ಹಾಕಿದ ಮೇಲೆ ಎಲ್ಲಕ್ಕೂ ಒಂದೇ ಹೊತ್ತು ಇರಬೇಕು. ಒಂದೊಂದು ರೂಮು ಒಂದೊಂದು ಗಂಟೆಗೆ ಖಾಲಿಯಾದರೆ ಕ್ಲೀನಿಂಗ್‌ಗೆ ಹುಡುಗರನ್ನು ಇಡೀ ದಿನ ನಿಲ್ಲಿಸಬೇಕು, ಹುಡುಗರೇ ಸಿಗುವುದಿಲ್ಲ. ಹಾಸಿಗೆ ಬಟ್ಟೆ ಒಗೆಯಲು ಹೊರಗೆ ಕೊಡುತ್ತೇವೆ, ಗಾಡಿ ಬರುವುದು ದಿನಕ್ಕೊಮ್ಮೆ. ಮೂರೂ ನಿಜವಾದ ಕಷ್ಟಗಳೇ. ಆದರೆ ಆ್ಯಪ್‌ನಿಂದ ಬರುವ ಗಿರಾಕಿಗೆ ಹಾಕಿದ ನಿಯಮವನ್ನು ಬಾಗಿಲಿಗೆ ನಡೆದು ಬರುವ ಗಿರಾಕಿಗೂ ಹೇರಬೇಕೇ? ನಲವತ್ತು ರೂಮಿದ್ದವರು ಹತ್ತು ರೂಮನ್ನು ಆ್ಯಪ್‌ಗೆ ಕೊಡದೆ ಇಟ್ಟುಕೊಳ್ಳಿ. ರಾತ್ರಿ ಹತ್ತಕ್ಕೆ ಬಸ್ ಹತ್ತಿದವರ ರೂಮುಗಳು ಅವು. ರಾತ್ರಿ ಪಾಳಿಯ ಒಬ್ಬ ಹುಡುಗ ಹನ್ನೆರಡರೊಳಗೆ ಗುಡಿಸಿ ಒರೆಸಿ ಹಾಸಿಗೆ ಬಟ್ಟೆ ಬದಲಿಸಿದರೆ ಬೆಳಿಗ್ಗೆ ಐದಕ್ಕೆ ನಮಗೆ ಸಿದ್ಧ. ಐದರಿಂದ ರಾತ್ರಿ ಹತ್ತರವರೆಗೆ ಹಗಲಿನ ದರ ಎಂದು ಒಂದು ಹಾಕಿ. ರೈಲ್ವೆಯವರು ತಮ್ಮ ವಿಶ್ರಾಂತಿ ಕೊಠಡಿಗಳನ್ನು 12 ಗಂಟೆ, 24 ಗಂಟೆಯ ಲೆಕ್ಕದಲ್ಲಿ ಕೊಡುತ್ತ ಬಂದಿಲ್ಲವೇ? ಆ್ಯಪ್‌ಗೆ ಕೊಡುವ ಕಮಿಷನ್ ಉಳಿಯುವುದು ನಿಮಗೇ. ಆ್ಯಪ್‌ನಲ್ಲಿ ತೋರಿಸಿದ್ದಕ್ಕಿಂತ ಕಡಿಮೆ ದರವನ್ನು ಕೌಂಟರಿನಲ್ಲಿ ಹೇಳುವಂತಿಲ್ಲ ಎಂಬ ಕರಾರಿನಿಂದ ನಿಮಗೆ ಆಗುತ್ತಿದ್ದ ತೊಂದರೆಯೂ ಗೊತ್ತಿದೆ. 2022ರ ಅಕ್ಟೋಬರ್‌ನಲ್ಲಿ ಸ್ಪರ್ಧಾ ಆಯೋಗ ದೊಡ್ಡ ಬುಕಿಂಗ್ ಕಂಪನಿಗಳಿಗೆ ಒಟ್ಟು 392 ಕೋಟಿ ರೂಪಾಯಿಯಷ್ಟು ದಂಡ ಹಾಕಿದಾಗ ಇಂಥ ಕರಾರುಗಳ ವಿಷಯವೂ ಅದರಲ್ಲಿತ್ತು. ಆ ತೀರ್ಪು ಓದಿ ನಾನು ಖುಷಿಪಟ್ಟಿದ್ದೆ. ನೀವು ಪಟ್ಟಿರೋ ಇಲ್ಲವೋ.

ಈ ಜಾಗದ ಹಣೆಬರಹವೇ ಬಂದವರಿಗೆ ತಂಗಲು ಕೊಡುವುದು. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಬಸ್ ನಿಲ್ದಾಣ ಬಂತು. ಕೆರೆ ಹೋದರೂ ಅದರ ಏರಿಯ ಹೆಸರು ಟ್ಯಾಂಕ್ ಬಂಡ್ ರಸ್ತೆಗೆ ಉಳಿಯಿತು. ಅದಕ್ಕೂ ಎಷ್ಟೋ ಮೊದಲು ಗುಬ್ಬಿ ತೋಟದಪ್ಪನವರು ರೈಲು ನಿಲ್ದಾಣದ ಎದುರು ಜಾಗ ಕೊಂಡು ಧರ್ಮಛತ್ರ ಕಟ್ಟಿಸಿದರು. 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದನ್ನು ತೆರೆದರು. ವ್ಯಾಪಾರಸ್ಥರೇ ಆಗಿದ್ದ ತೋಟದಪ್ಪನವರಿಗೆ ಆ ಕಾಲಕ್ಕೇ ತಿಳಿದಿದ್ದ ವಿಷಯ, ರೈಲಿಳಿದವನಿಗೆ ತಂಗುದಾಣ ಬೇಕಾಗುವುದು ಇಳಿದ ಕೂಡಲೇ ಎಂಬುದು. ನೀವು ಧರ್ಮಕ್ಕೆ ರೂಮು ಕೊಡಿ ಎಂದು ನಾನು ಹೇಳುತ್ತಿಲ್ಲ. ದುಡ್ಡು ಕೊಡುತ್ತೇವೆ, ಹೊತ್ತಿಗೆ ಕೊಡಿ.

ಇನ್ನು ಎರಡನೆಯ ವಿಷಯ. ಇದನ್ನು ಬರೆಯುವಾಗ ಕೈ ಸ್ವಲ್ಪ ಬಿಸಿಯಾಗುತ್ತದೆ, ಸಹಿಸಿಕೊಳ್ಳಿ.

ಒಂದು ಬೆಳಗಿನ ಜಾವ ನಿಮ್ಮ ಬೀದಿಯ ಒಂದು ಲಾಡ್ಜಿನ ಕೌಂಟರಿನಲ್ಲಿ ನಿಂತಿದ್ದೆ. ಹೊರಗೆ ಮಳೆ. ಕೀಲಿ ನೇತುಹಾಕುವ ಹಲಗೆಯಲ್ಲಿ ಅರ್ಧಕ್ಕರ್ಧ ಕೀಲಿಗಳಿದ್ದವು. ಹುಡುಗ ನನ್ನ ಹಿಂದೆ ಇಣುಕಿ ನೋಡಿದ.

“ಜೊತೆಗೆ ಯಾರೂ ಇಲ್ವಾ ಮೇಡಂ?”

“ಇಲ್ಲಪ್ಪ, ನಾನೊಬ್ಬಳೇ.”

“ಸಿಂಗಲ್ ಲೇಡೀಸ್‌ಗೆ ಕೊಡಲ್ಲ ಮೇಡಂ. ಓನರ್ ಬೈತಾರೆ.”

ಐವತ್ತು ದಾಟಿದ ಹೆಂಗಸು ನಾನು. ಕೈಯಲ್ಲಿ ಆಧಾರ್, ಚೀಲದಲ್ಲಿ ಪ್ರೂಫ್ ತಿದ್ದಬೇಕಾದ ಹಾಳೆಗಳು. ಆ ಹುಡುಗನ ಮೇಲೆ ನನಗೆ ಕೋಪವಿಲ್ಲ. ಪಾಪ, ಒಡಿಶಾದಿಂದ ಬಂದು ಕನ್ನಡ ಕಲಿತು ರಾತ್ರಿ ಪಾಳಿ ಮಾಡುತ್ತಿದ್ದ, ಮಳೆ ನಿಲ್ಲುವವರೆಗೆ ಕೂರಿ ಎಂದು ಕುರ್ಚಿ ಕೊಟ್ಟ. ಬೈಯುವ ಓನರ್ ಯಾರಿದ್ದಾರೋ ಅವರಿಗೆ ಈ ಮಾತು. ಪಕ್ಕದ ಬೀದಿಯಲ್ಲಿ ಮರುಮಾತಿಲ್ಲದೆ ರೂಮ್ ಕೊಟ್ಟರು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ, ನಿಮ್ಮೆಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ನಿಮ್ಮ ಭಯದ ಕಾರಣ ಗೊತ್ತು. ಒಂಟಿಯಾಗಿ ಬಂದವರು ರೂಮಿನೊಳಗೆ ಜೀವ ಕಳೆದುಕೊಂಡರೆ ಪೊಲೀಸ್, ಮಹಜರು, ರೂಮಿಗೆ ಬೀಗ, ಟೀವಿಯಲ್ಲಿ ದಿನವಿಡೀ ನಿಮ್ಮ ಬೋರ್ಡು. ಬೇರೆ ಬಗೆಯ ದಂಧೆಯ ಆರೋಪ ಬಂದರಂತೂ ಮುಗಿಯಿತು. ಅದಕ್ಕೆ ನೀವು ಕಂಡುಕೊಂಡ ಉಪಾಯ ಬಾಗಿಲು ಹಾಕುವುದು. ಒಂಟಿ ಹೆಂಗಸಿಗೆ ಇಲ್ಲ, ಕೆಲವರಲ್ಲಿ ಒಂಟಿ ಗಂಡಸಿಗೂ ಇಲ್ಲ, ಬೆಂಗಳೂರಿನದೇ ವಿಳಾಸವಿರುವ ಗುರುತಿನ ಚೀಟಿಗೆ ಇಲ್ಲ. ಕೆಲವು ಹೆಸರುಗಳನ್ನು ಓದಿದ ಮೇಲೆ ಇದ್ದಕ್ಕಿದ್ದಂತೆ ರೂಮು ಖಾಲಿ ಇಲ್ಲ. ಇದನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಆ ಮನುಷ್ಯ ಮೆಟ್ಟಿಲಿಳಿದ ಬಳಿಕ ಅದೇ ಹಲಗೆಯಿಂದ ನನಗೆ ಕೀಲಿ ತೆಗೆದುಕೊಟ್ಟರು.

ಸಂವಿಧಾನದ 15ನೇ ವಿಧಿಯ ಎರಡನೆಯ ಖಂಡವನ್ನು ದಯವಿಟ್ಟು ಒಮ್ಮೆ ತೆಗೆದು ನೋಡಿ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವುಗಳ ಕಾರಣಕ್ಕಷ್ಟೇ ಯಾವ ಪ್ರಜೆಗೂ ಅಂಗಡಿ, ಹೋಟೆಲುಗಳ ಪ್ರವೇಶವನ್ನು ತಡೆಯುವಂತಿಲ್ಲ ಎಂದು ಅಲ್ಲಿದೆ. ಹೋಟೆಲು ಎಂಬ ಮಾತನ್ನೇ ಎತ್ತಿ ಬರೆದಿದ್ದಾರೆ. ಛತ್ರದ ಅಂಗಳದಲ್ಲಿ ಯಾರು ಎಲ್ಲಿಯವರೆಗೆ ಬರಬಹುದು ಎಂದು ಗೆರೆ ಎಳೆದಿದ್ದ ದೇಶ ಇದು. ಬರೆದವರಿಗೆ ಅದು ಗೊತ್ತಿತ್ತು. ಪೊಲೀಸರು ನಿಮ್ಮಲ್ಲಿ ಕೇಳುವುದು ಗುರುತಿನ ದಾಖಲೆ, ಸರಿಯಾಗಿ ತುಂಬಿದ ರಿಜಿಸ್ಟರು, ಓಡುತ್ತಿರುವ ಕ್ಯಾಮೆರಾ. ವಿದೇಶಿಯರಾದರೆ 24 ಗಂಟೆಯೊಳಗೆ ಅವರ ವಿವರ. ಜೊತೆಗೊಬ್ಬ ಗಂಡಸಿರಬೇಕು ಎಂದು ಯಾವ ಕಾನೂನೂ ಹೇಳಿಲ್ಲ. ಮದುವೆಯಾಗದ ಗಂಡು ಹೆಣ್ಣು ಒಂದೇ ರೂಮಿನಲ್ಲಿ ತಂಗಬಾರದೆಂಬ ಕಾನೂನೂ ಇಲ್ಲವೆಂದು ಮದ್ರಾಸ್ ಹೈಕೋರ್ಟ್ 2019ರಲ್ಲೇ ಹೇಳಿ ಆಗಿದೆ. ಒಂಟಿ ಹೆಂಗಸಿನ ಪ್ರಶ್ನೆ ಕೋರ್ಟಿನವರೆಗೆ ಹೋಗಬೇಕಾದ್ದೇ ನಾಚಿಕೆಗೇಡು.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆ. ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟಿನ ದುಡ್ಡು ಇಲ್ಲ. ಯೋಜನೆಯ ಪರ ವಿರೋಧ ಏನೇ ಇರಲಿ, ನಿಮ್ಮ ಬಾಗಿಲೆದುರು ಬಂದು ನಿಲ್ಲುವ ಕೆಂಪು ಬಸ್ಸುಗಳಲ್ಲಿ ಯಾರು ತುಂಬಿರುತ್ತಾರೆಂದು ಎಣಿಸಿ ನೋಡಿ. ಹಿಂದೆ ಮಗಳ ಪರೀಕ್ಷೆಗೆ ಅಪ್ಪ ರಜೆ ಹಾಕಿ ಬರುತ್ತಿದ್ದ. ಈಗ ಅಮ್ಮ ಬರುತ್ತಾಳೆ, ಎಷ್ಟೋ ಸಲ ಮಗಳೊಬ್ಬಳೇ ಬರುತ್ತಾಳೆ. ಸರಕಾರ ಅವಳನ್ನು ಮೆಜೆಸ್ಟಿಕ್‌ವರೆಗೆ ತಂದು ಬಿಟ್ಟಿದೆ. ಅಲ್ಲಿಂದ ಮುಂದಿನ ಇನ್ನೂರು ಹೆಜ್ಜೆ ನಿಮ್ಮದು. ಬೆಂಗಳೂರಿನದೇ ವಿಳಾಸವಿದ್ದರೆ ರೂಮ್ ಇಲ್ಲ ಎನ್ನುವುದರ ಬಗ್ಗೆಯೂ ಯೋಚಿಸಿ. ಕುಡಿದು ಹೊಡೆಯುವ ಗಂಡನಿಂದ ತಪ್ಪಿಸಿಕೊಂಡು ರಾತ್ರಿ ಹನ್ನೊಂದಕ್ಕೆ ಮಗುವನ್ನೆತ್ತಿಕೊಂಡು ಮನೆಯಿಂದ ಹೊರಬಿದ್ದವಳ ಆಧಾರ್‌ನಲ್ಲಿರುವುದು ರಾಜಾಜಿನಗರದ ವಿಳಾಸವೇ.

ಕೊಟ್ಟ ರೂಮಿನ ವಿಷಯಕ್ಕೆ ಬರೋಣ. ನಿಮ್ಮಲ್ಲಿ ಯಾರಾದರೂ ಸ್ವಂತ ಲಾಡ್ಜಿನ ರೂಮಿನಲ್ಲಿ ಒಂದು ರಾತ್ರಿ ಮಲಗಿದ್ದೀರಾ? ಮಲಗಿದರೆ ಮೊದಲು ಬಾಗಿಲ ಒಳಚಿಲಕ ನೋಡಿ. ಹೊರಗಿನ ಲಾಕು ಹೊಸದು, ಕಾರ್ಡು ತೋರಿಸಿದರೆ ಹಸಿರು ದೀಪ ಹೊತ್ತುತ್ತದೆ. ಒಳಗಿನ ಚಿಲಕಕ್ಕೆ ನಾಲ್ಕು ಸ್ಕ್ರೂ ಇರಬೇಕಾದಲ್ಲಿ ಎರಡು. ಹಿಂದೆ ಯಾರೋ ಒದ್ದು ತೆಗೆದಿದ್ದಾರೆ, ಸೀಳಿದ ಮರದ ತೂತಿಗೆ ಬೆಂಕಿಕಡ್ಡಿ ತುರುಕಿ ಅದೇ ಸ್ಕ್ರೂ ತಿರುಗಿಸಿದ್ದಾರೆ, ಮೇಲೆ ಬಣ್ಣ ಬಳಿದಿದ್ದಾರೆ. ಚಿಲಕ ಹಾಕಿದರೆ ಹಾಕಿದ ಸದ್ದು ಬರುತ್ತದೆ, ಹಿಡಿತವಿಲ್ಲ. ಇಂಥ ರೂಮಿನಲ್ಲಿ ಹೆಂಗಸರು ಮಾಡುವ ಕೆಲಸವೊಂದಿದೆ: ಕುರ್ಚಿಯನ್ನು ಬಾಗಿಲಿಗೆ ಒತ್ತಿಟ್ಟು, ಅದರ ಮೇಲೆ ಸ್ಟೀಲಿನ ನೀರಿನ ಬಾಟಲಿ ಇಡುವುದು. ಯಾರಾದರೂ ದೂಡಿದರೆ ಬಾಟಲಿ ಬಿದ್ದು ಸದ್ದಾಗಲಿ ಎಂದು. ನಿಮ್ಮ ರೂಮ್ ಬಾಯ್‌ಗಳನ್ನು ಕೇಳಿ, ಬೆಳಿಗ್ಗೆ ಎಷ್ಟು ರೂಮುಗಳಲ್ಲಿ ಕುರ್ಚಿ ಬಾಗಿಲ ಹತ್ತಿರ ಇರುತ್ತದೆಂದು ಹೇಳುತ್ತಾರೆ. ಒಂದು ಹೊಸ ಚಿಲಕಕ್ಕೆ ಲಿಫ್ಟಿನಲ್ಲಿ ಅಂಟಿಸಿದ ಕನ್ನಡಿಯಷ್ಟೂ ಖರ್ಚಾಗುವುದಿಲ್ಲ.

ಆಮೇಲೆ ಕಿಟಕಿ. ಗಾಂಧಿನಗರದಲ್ಲಿ ಉಳಿಯುವ ಸುಖವೇ ಕಿಟಕಿಯಲ್ಲಿದೆ ಎಂದು ನಂಬಿದವಳು ನಾನು. ಊರಾಚೆಯ ಶಾಂತವಾದ ಗೆಸ್ಟ್‌ಹೌಸ್‌ಗಳು ನನಗೆ ಸೇರುವುದಿಲ್ಲ; ಶಾಂತಿ ನಮ್ಮೂರಲ್ಲಿ ಬೇಕಾದಷ್ಟಿದೆ. ನಿಮ್ಮ ಮೂರನೆಯ ಮಹಡಿಯ ಕಿಟಕಿಯಲ್ಲಿ ನಿಂತರೆ ಬೆಳಗಿನ ಜಾವ ಸೈಕಲ್ಲಿನ ಮೇಲೆ ಟೀ ಮಾರುವವನ ಸುತ್ತ ಆಟೊದವರು, ಬಂಡಲ್ ಹೊತ್ತ ಹಮಾಲರು, ಹೂವಿನ ಮಾರು ಎಳೆಯುವ ಹೆಂಗಸು, ಬಾಗಿಲೆತ್ತುವ ದರ್ಶಿನಿಯಿಂದ ಸಾಂಬಾರಿನ ಹೊಗೆ. ಕೆ.ಜಿ. ರಸ್ತೆಯಲ್ಲಿ ಸಾಲು ಸಾಲು ಟಾಕೀಸುಗಳಿದ್ದ ಕಾಲದಲ್ಲಿ ಶುಕ್ರವಾರ ಬೆಳಿಗ್ಗೆ ಕಟೌಟಿಗೆ ಹಾರ ಏರಿಸುವ ಗಲಾಟೆ, ತಮಟೆ ಇಲ್ಲಿಯವರೆಗೂ ಕೇಳಿಸುತ್ತಿತ್ತು. ಸಿನಿಮಾ ಹಂಚಿಕೆದಾರರ ಕಚೇರಿಗಳು ನಿಮ್ಮ ಅಕ್ಕಪಕ್ಕದಲ್ಲೇ ಇದ್ದುದರಿಂದ ಕನ್ನಡ ಚಿತ್ರರಂಗಕ್ಕೆ ಗಾಂಧಿನಗರವೆಂದೇ ಹೆಸರು ಬಿತ್ತು. ಸಾಗರ್, ಅಲಂಕಾರ್, ಕಪಾಲಿ ಟಾಕೀಸುಗಳು ಒಂದೊಂದೇ ಹೋದವು. ಜನಜಂಗುಳಿ ಹೋಗಿಲ್ಲ. 2017ರಿಂದ ಮೆಟ್ರೊದ ನೇರಳೆ, ಹಸಿರು ಮಾರ್ಗಗಳು ಇಲ್ಲೇ ಕೂಡುತ್ತವೆ. 2023ರ ಅಕ್ಟೋಬರ್‌ನಿಂದ ಇಲ್ಲಿ ಹತ್ತಿದವರು ರೈಲು ಬದಲಿಸದೆ ವೈಟ್‌ಫೀಲ್ಡ್‌ಗೆ ಹೋಗಬಹುದು. ಊರಿನ ಯಾವ ಮೂಲೆಯಲ್ಲಿ ಕೆಲಸವಿದ್ದರೂ ಮೆಜೆಸ್ಟಿಕ್‌ನಲ್ಲಿ ಇಳಿದುಕೊಳ್ಳುವುದಕ್ಕೆ ಈಗ ಮೊದಲಿಗಿಂತ ಹೆಚ್ಚು ಕಾರಣವಿದೆ.

ಇಂಥ ಬೀದಿಗೆ ನೀವು ಬೆನ್ನು ತಿರುಗಿಸುತ್ತಿದ್ದೀರಿ. ಕಟ್ಟಡದ ಮುಖಕ್ಕೆ ಅಡಿಯಿಂದ ಮುಡಿಯವರೆಗೆ ಹೊಳೆಯುವ ಶೀಟು ಹೊದಿಸಿ, ಅದರ ಮೇಲೆ ಎರಡು ಮಹಡಿ ಎತ್ತರದ ಬೋರ್ಡು ನಿಲ್ಲಿಸಿದ್ದೀರಿ. ಒಳಗೆ ಪರದೆ ಸರಿಸಿದರೆ ಕಿಟಕಿಯಾಚೆ ಒಂದು ಗೇಣು ದೂರದಲ್ಲಿ ನಿಮ್ಮದೇ ಬೋರ್ಡಿನ ಹಿಂಬದಿ, ಕಬ್ಬಿಣದ ಚೌಕಟ್ಟು, ಪಾರಿವಾಳದ ಹಿಕ್ಕೆ. ಎಸಿ ಹಾಕಿಸಿದ್ದೇವೆ, ಕಿಟಕಿ ಯಾಕೆ ಎನ್ನುತ್ತೀರಿ. ಒಳಗಿನ ರೂಮುಗಳ ಕಿಟಕಿ ತೆರೆಯುವುದು ಡಕ್ಟಿಗೆ, ಅಲ್ಲಿ ಮೇಲಿನವರ ಬಚ್ಚಲ ಪೈಪು ಮಾತನಾಡುತ್ತಿರುತ್ತದೆ.

ನೋಟ ಕೆಟ್ಟಿತೆಂಬ ಕೊರಗು ಮಾತ್ರವಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. 2019ರ ಫೆಬ್ರವರಿಯಲ್ಲಿ ದಿಲ್ಲಿಯ ಕರೋಲ್ ಬಾಗ್‌ನ ಹೋಟೆಲೊಂದಕ್ಕೆ ಬೆಳಗಿನ ಜಾವ ಬೆಂಕಿ ಬಿದ್ದು 17 ಜನ ಸತ್ತರು. 2025ರ ಏಪ್ರಿಲ್‌ನಲ್ಲಿ ಕೋಲ್ಕತ್ತದ ಬಡಾಬಜಾರ್ ಕಡೆಯ ಹೋಟೆಲಿನಲ್ಲಿ 14 ಜನ. ಎರಡೂ ನಿಮ್ಮಂಥವೇ: ಸಂತೆಯಂಥ ಪೇಟೆಯ ನಡುವೆ, ವ್ಯಾಪಾರಕ್ಕೂ ತಿರುಗಾಟಕ್ಕೂ ಬಂದವರು ಉಳಿಯುವ ನಡುದರ್ಜೆಯ ಜಾಗಗಳು. ಎರಡೂ ಕಡೆ ಹೆಚ್ಚಿನವರನ್ನು ಕೊಂದದ್ದು ಹೊಗೆ. ಕರೋಲ್ ಬಾಗ್‌ನಲ್ಲಿ ಕಾರಿಡಾರಿನ ಗೋಡೆಗೆ ಚೆಂದಕ್ಕೆಂದು ಹೊಡೆಸಿದ್ದ ಮರದ ಹಲಗೆಯೇ ಬೆಂಕಿಯನ್ನು ರೂಮಿನಿಂದ ರೂಮಿಗೆ ದಾಟಿಸಿತು. ಬೋರ್ಡಿನಿಂದ ಮುಚ್ಚಿದ ಕಿಟಕಿಯಲ್ಲಿ ಹೊಗೆ ಹೊರಹೋಗುವುದಿಲ್ಲ, ಅಗ್ನಿಶಾಮಕದವರ ಏಣಿಯೂ ಒಳಬರುವುದಿಲ್ಲ. ಬೆಂಕಿ ಬಿದ್ದರೆ ಇಳಿಯಲೆಂದಿರುವ ನಿಮ್ಮ ಎರಡನೆಯ ಮೆಟ್ಟಿಲುಸಾಲನ್ನು ಒಮ್ಮೆ ಹತ್ತಿ ನೋಡಿ. ನಾನು ಹತ್ತಿ ನೋಡುವ ಚಾಳಿ ಬೆಳೆಸಿಕೊಂಡಿದ್ದೇನೆ. ಒಂದು ಕಡೆ ಹಳೆಯ ಹಾಸಿಗೆಗಳನ್ನು ಸುರುಳಿ ಸುತ್ತಿ ಮೆಟ್ಟಿಲ ಮೇಲೆ ಜೋಡಿಸಿದ್ದರು. ಇನ್ನೊಂದು ಕಡೆ ತುದಿಯ ಬಾಗಿಲಿಗೆ ಬೀಗ. ಕೀಲಿ ಯಾರ ಹತ್ತಿರ ಎಂದು ಕೇಳಿದ್ದಕ್ಕೆ ಮ್ಯಾನೇಜರ್ ಹತ್ತಿರ ಎಂದರು, ಮ್ಯಾನೇಜರ್ ಹಾಸನಕ್ಕೆ ಹೋಗಿದ್ದರು.

ಬಿಸಿನೀರಿನ ವಿಷಯ ಚಿಕ್ಕದು, ಆದರೆ ಐದು ಗಂಟೆಯ ಗಿರಾಕಿಗೆ ಅದೇ ದೊಡ್ಡದು. ‘ಬಿಸಿನೀರು 6ರಿಂದ 9’ ಎಂದು ಚೀಟಿ ಅಂಟಿಸಿರುತ್ತೀರಿ. ತಾರಸಿಯ ಸೋಲಾರ್ ಟ್ಯಾಂಕಿನಿಂದ ಎರಡನೆಯ ಮಹಡಿಗೆ ಬಿಸಿನೀರು ಇಳಿಯುವಷ್ಟರಲ್ಲಿ ಎರಡು ಬಕೆಟ್ ತಣ್ಣೀರು ಚರಂಡಿ ಸೇರಿರುತ್ತದೆ. 2024ರ ಬೇಸಿಗೆಯಲ್ಲಿ ಊರಿಗೇ ನೀರಿಲ್ಲದಾಗ ಜಲಮಂಡಳಿ ನಿಮ್ಮ ನಲ್ಲಿಗಳಿಗೆಲ್ಲ ಏರಿಯೇಟರ್ ಕಡ್ಡಾಯ ಮಾಡಿತು. ನಲ್ಲಿಯ ತುದಿಯಲ್ಲಿ ಉಳಿತಾಯ, ಪೈಪಿನೊಳಗೆ ಪೋಲು. ರೂಮಿಗೊಂದು ಪುಟ್ಟ ಗೀಸರ್ ಇಟ್ಟವರಲ್ಲಿ ಈ ರಗಳೆಯಿಲ್ಲ. ಕರೆಂಟು ಬಿಲ್ಲು ಏರುತ್ತದೆ ಎನ್ನುವಿರಾದರೆ ಬಾಡಿಗೆಗೆ ಐವತ್ತು ಸೇರಿಸಿ, ಯಾರೂ ತಕರಾರು ಮಾಡುವುದಿಲ್ಲ.

ದುಡ್ಡಿನ ಮಾತು ಬಂದಿದ್ದರಿಂದ ಇದೊಂದು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮುಗಳಿಗೆ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ಇಳಿದ ಮೇಲೂ ಒಂದು ಕಡೆ ನನಗೆ ಹಳೆಯ ಲೆಕ್ಕವೇ ಹಾಕಿ ಕೊಟ್ಟರು. ಕೇಳಿದ್ದಕ್ಕೆ ತಪ್ಪನ್ನು ಸಾಫ್ಟ್‌ವೇರಿನ ಮೇಲೆ ಹಾಕಿದರು. “ಬಿಲ್ ಬೇಕಂದ್ರೆ ಜಿಎಸ್‌ಟಿ, ಬೇಡಾಂದ್ರೆ ಇಲ್ಲ” ಎಂಬ ಹಳೆಯ ಮಂತ್ರವೂ ಇನ್ನೂ ಕೇಳಿಬರುತ್ತದೆ. ಇನ್‌ಪುಟ್ ತೆರಿಗೆ ವಾಪಸ್ ಸಿಗದೆ ನಿಮಗೆ ಕಷ್ಟವಾಗಿರಬಹುದು. ಹಾಗಿದ್ದರೆ ಬಾಡಿಗೆಯನ್ನೇ ನೇರವಾಗಿ ಏರಿಸಿ. ಫೋನಿನಲ್ಲಿ ಒಂದು ದರ, ಕೌಂಟರಿನಲ್ಲಿ ಇನ್ನೊಂದು, ಬಿಲ್ಲಿನಲ್ಲಿ ಮತ್ತೊಂದು ಮಾತ್ರ ಬೇಡ. ಬಸ್ ಇಳಿಯುತ್ತಿದ್ದಂತೆ “ರೂಮ್ ಬೇಕಾ ಅಕ್ಕಾ, ರೂಮ್” ಎಂದು ಚೀಲಕ್ಕೆ ಕೈಹಾಕುವ ದಲ್ಲಾಳಿಗಳಿಗೆ ನೀವು ಕೊಡುವ ದುಡ್ಡು ಯಾರ ಬಾಡಿಗೆಯಿಂದ ಹೋಗುತ್ತದೆಂದು ನಮಗೂ ಗೊತ್ತು. ನೀವೆಲ್ಲ ಒಟ್ಟಾಗಿ ಒಂದು ತಿಂಗಳು ನಿಲ್ಲಿಸಿದರೆ ಆ ಕಾಟ ತಾನಾಗಿ ನಿಲ್ಲುತ್ತದೆ. ಒಬ್ಬಿಬ್ಬರು ನಿಲ್ಲಿಸಿದರೆ ನಡೆಯುವುದಿಲ್ಲ ಎಂಬ ನಿಮ್ಮ ಅಳಲು ಸರಿಯೇ.

ಆಧಾರ್ ಜೆರಾಕ್ಸ್ ತೆಗೆದು ರಟ್ಟಿನ ಡಬ್ಬದಲ್ಲಿ ಹಾಕುತ್ತೀರಿ, ಆ ಡಬ್ಬ ಕೌಂಟರಿನ ಕೆಳಗೆ, ಅದರ ಮೇಲೆ ಊಟದ ಕ್ಯಾರಿಯರ್. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಕೊಟ್ಟರೆ ತೆಗೆದುಕೊಳ್ಳಿ ಎಂದು ಹುಡುಗರಿಗೆ ಹೇಳಿಕೊಡಿ. ಇನ್ನು, ಹೊರಗಿನ ಬೋರ್ಡಿನಲ್ಲಿ ಕಾನೂನಿನಂತೆ ಶೇ. 60 ಕನ್ನಡ ಬಂತು, ಸಂತೋಷ. ಒಳಗೆ ತುಂಬಬೇಕಾದ ಫಾರಂ ಪೂರ್ತಿ ಇಂಗ್ಲಿಷು. ನನ್ನ ಮುಂದೆ ನಿಂತಿದ್ದ ಸಿಂದಗಿ ಕಡೆಯ ಅಜ್ಜ ಅದನ್ನು ಹಿಡಿದುಕೊಂಡು, “ಇದನ್ಯಾರು ತುಂಬಿಕೊಡ್ತಾರವ್ವ?” ಎಂದು ನನ್ನ ಮುಖ ನೋಡಿದರು. ತುಂಬಿಕೊಟ್ಟೆ. ಬಂದ ಉದ್ದೇಶ ಎಂಬಲ್ಲಿ ಏನು ಬರೆಯಲಿ ಎಂದರೆ, “ಹೊಲದ ಕೇಸು, ನನ್ನಪ್ಪನ ಕಾಲದ್ದು” ಎಂದರು. ಆ ಫಾರಂನಲ್ಲಿ ಅಷ್ಟು ಜಾಗವಿರಲಿಲ್ಲ.

ನಿಮ್ಮಲ್ಲಿ ಒಳ್ಳೆಯದೇನೂ ಇಲ್ಲವೇ ಎಂದರೆ, ಬಹಳ ಇದೆ. ಫ್ಲಾಸ್ಕು ಕೈಗೆ ಕೊಟ್ಟರೆ ರಸ್ತೆ ದಾಟಿ ಹೋಗಿ ಬಿಸಿ ಕಾಫಿ ತುಂಬಿಸಿಕೊಂಡು ಬರುವ ಹುಡುಗರು ಯಾವ ಸ್ಟಾರ್ ಹೋಟೆಲಿನಲ್ಲಿದ್ದಾರೆ? ಆಸ್ಪತ್ರೆಯಿಂದ ತಡವಾಗಿ ಬಂದ ರಾತ್ರಿ, ದರ್ಶಿನಿ ಮುಚ್ಚಿದ ಮೇಲೂ ಎಲ್ಲಿಂದಲೋ ಮೊಸರನ್ನದ ಪೊಟ್ಟಣ ಸಂಪಾದಿಸಿ ತಂದುಕೊಟ್ಟವರಿದ್ದಾರೆ. ಆ ಹುಡುಗರು ಮಲಗುವುದು ಎಲ್ಲಿ ಎಂದು ಒಮ್ಮೆ ನೋಡಿದೆ: ತಾರಸಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕ, ತಗಡಿನ ಚಪ್ಪರದ ಕೆಳಗೆ. ಚಳಿಗಾಲದಲ್ಲಿ ನಿಮ್ಮ ಗಿರಾಕಿಗಳು ಬಳಸಿ ಬಿಟ್ಟ ರಗ್ಗು ಹೊದ್ದು. ಕುಂದಾಪುರದಿಂದಲೋ ಬೈಂದೂರಿನಿಂದಲೋ ಬಂದು ಹೋಟೆಲಿನಲ್ಲಿ ಲೋಟ ತೊಳೆದು ಮೇಲೆ ಬಂದವರು ನಿಮ್ಮಲ್ಲಿ ಎಷ್ಟೋ ಜನ. ಅವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಬರುವ ತಿಂಗಳು ಪುಸ್ತಕವೊಂದರ ಕೊನೆಯ ಪ್ರೂಫಿಗೆ ಮತ್ತೆ ಬರುವುದಿದೆ. ಹೊರಡುವ ಮೊದಲು ನಿಮ್ಮ ನಂಬರುಗಳಿಗೆ ಒಂದೊಂದಾಗಿ ಫೋನ್ ಮಾಡುತ್ತೇನೆ. ಬೆಳಿಗ್ಗೆ ಐದಕ್ಕೆ ರೂಮ್ ಸಿಗುತ್ತದೆಯೇ, ಒಬ್ಬಳೇ ಬಂದರೆ ಕೊಡುತ್ತೀರಾ, ಎರಡೇ ಪ್ರಶ್ನೆ. ಎರಡಕ್ಕೂ ಹೌದು ಎಂದವರಿಗೆ ಅಲ್ಲೇ ಅಡ್ವಾನ್ಸ್ ಹಾಕುತ್ತೇನೆ. ನಮ್ಮೂರಿನ ಇನ್ನೂ ಕೆಲವು ಹೆಂಗಸರು ನನ್ನನ್ನು ಇದೇ ಕೇಳುತ್ತಿದ್ದಾರೆ, ಒಬ್ಬರಿಗೆ ನಿಮ್ಹಾನ್ಸ್, ಒಬ್ಬರಿಗೆ ಚಿಕ್ಕಪೇಟೆ, ಒಬ್ಬಳಿಗೆ ಬ್ಯಾಂಕ್ ಪರೀಕ್ಷೆ. ನಿಮ್ಮ ನಂಬರನ್ನೇ ಅವರಿಗೂ ಕೊಡುತ್ತೇನೆ.

ಇಂತಿ,
ನಿಮ್ಮ ಹಳೆಯ ಗಿರಾಕಿ,
ಸಾಗರ